ಅಳಿವೆಯ ಕೆಸರಿನಿಂದ ಎದ್ದ ಬೀಸುಕಲ್ಲು

ಕೋಲ್ಡ್‌ಹ್ಯಾಮ್ ಊರಿನ ಅಳಿವೆಯ ಬಾಯಲ್ಲಿ ಬೀಸುಕಲ್ಲು ಮುಳುಗಿದಾಗ ಟ್ರೈಫೀನಾ ಲೋವೆಟ್ ದಂಡೆಯ ಮೇಲೇ ನಿಂತಿದ್ದಳು. ಬಾಸ್ಟನ್ ಬಂದರಿನಿಂದ ಬರುತ್ತಿದ್ದ ಮೀನುಗಾರ ಡಿಗರಿಯ ದೋಣಿ ದೂರದಲ್ಲಿ ಕಂಡಾಗಲೇ ಅವಳು ಒನಕೆ ಬಿಸಾಕಿ ಓಡಿ ಬಂದಿದ್ದಳು. ದೋಣಿಯ ನಡುವೆ ಕಲ್ಲು, ಕಲ್ಲಿನ ಪಕ್ಕ ಅವಳ ಗಂಡ ಜೇಬೆಜ್. ಹೊಸ ಹೆಂಡತಿಯನ್ನು ಮನೆಗೆ ಕರೆತರುವವನ ಹಾಗೆ ಕಲ್ಲಿನ ಮೇಲೆ ಕೈಯಿಟ್ಟು ಕೂತಿದ್ದ. ಇವಳನ್ನು ಕಂಡು ಟೋಪಿ ಬೀಸಿದ. ಅಷ್ಟರಲ್ಲಿ ಮರಳದಿಬ್ಬದ ಹತ್ತಿರ ಅಡ್ಡಗಾಳಿ ಹೊಡೆಯಿತು. ಕಟ್ಟಿದ ಹಗ್ಗ ಕಿತ್ತು, ಕಲ್ಲು ಒಂದು ಪಕ್ಕಕ್ಕೆ ಜಾರಿತು. ದೋಣಿ ಮಗುಚಿಕೊಂಡಿತು.

ಡಿಗರಿ ಪೆನ್ರೋಸ್ ಈಜಿ ಜೇಬೆಜ್‌ನನ್ನು ದಡಕ್ಕೆ ಎಳೆದು ತಂದ. ಜೀವ ಉಳಿಯಿತು. ಆದರೆ ಕಲ್ಲಿಗೂ ದೋಣಿಯ ಪಕ್ಕೆಗೂ ನಡುವೆ ಸಿಕ್ಕ ಬಲತೊಡೆ ಜಜ್ಜಿಹೋಗಿತ್ತು. ಕಲ್ಲು ಮಾತ್ರ ಅಳಿವೆಯ ಕೆಸರಿನಲ್ಲಿ ತಣ್ಣಗೆ ಮಲಗಿತು.

ಬೇರೆ ಕಲ್ಲು ತರಿಸೋಣವೆಂದರೆ ಅದು ಆಗುವ ಮಾತಲ್ಲ. ಸಮುದ್ರದಾಚೆ, ಇವರೆಲ್ಲ ಬಿಟ್ಟುಬಂದ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಜಗಳ ಹತ್ತಿ, ವರ್ಷವರ್ಷವೂ ಜನರನ್ನು ತುಂಬಿಕೊಂಡು ಬರುತ್ತಿದ್ದ ಹಡಗುಗಳು ನಿಂತೇ ಹೋಗಿದ್ದವು. ಹೊಸಬರು ಬಂದು ಕೊಳ್ಳುತ್ತಾರೆಂದು ಸಾಕಿದ ಹಸುಗಳನ್ನು ಕೇಳುವವರಿರಲಿಲ್ಲ. ಮೊಳೆ ಬೇಕೆಂದರೂ ಹಳೆಯ ಹಲಗೆಯಿಂದ ಕಿತ್ತು ನೆಟ್ಟಗೆ ಮಾಡಿಕೊಳ್ಳಬೇಕಾದ ಕಾಲ. ಆ ಕಲ್ಲಾದರೂ ಬಾಸ್ಟನ್ನಿನಲ್ಲಿ ಯಾರೋ ತಮಗಾಗಿ ತರಿಸಿ ಬೇಡವೆಂದು ಬಿಟ್ಟದ್ದು. ಜೇಬೆಜ್ ತನ್ನ ಎರಡು ಎತ್ತು ಕೊಟ್ಟು ತಂದಿದ್ದ.

ಗಿರಣಿ ಕಟ್ಟಲೆಂದು ಊರಿನವರು ಅವನಿಗೆ ಹಳ್ಳದ ನೀರಿನ ಹಕ್ಕನ್ನೂ ಪಕ್ಕದ ಹುಲ್ಲುಗಾವಲನ್ನೂ ಬರೆದುಕೊಟ್ಟಿದ್ದರು. ಒಂದೇ ಷರತ್ತು: ಮೊದಲ ಹಿಮ ನೆಲ ಮುಚ್ಚುವುದರೊಳಗೆ ಗಿರಣಿ ತಿರುಗಿ ಊರಿನ ಮುಸುಕಿನ ಜೋಳ ಹಿಟ್ಟಾಗಬೇಕು. ಇಲ್ಲವಾದರೆ ಹಳ್ಳವೂ ಹುಲ್ಲೂ ಊರಿಗೆ ವಾಪಸ್ಸು. ಆಮೇಲೆ ಅದು ಯಾರಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಊರ ಚರ್ಚಿನ ಹಿರಿಯರಲ್ಲೊಬ್ಬನಾದ ಡೀಕನ್ ಶೂಬಲ್ ಥಾರ್ನ್‌ನ ಭಾವಮೈದ ಪಕ್ಕದ ವೆನ್‌ಬರಿಯಲ್ಲಿ ಗಿರಣಿ ಇಟ್ಟುಕೊಂಡಿದ್ದ. ಇಲ್ಲಿಯೂ ಒಂದು ಕಾಲಿಡಬೇಕೆಂದು ಕಾಯುತ್ತಿದ್ದ.

ಜೇಬೆಜ್ ಹಾಸಿಗೆ ಹಿಡಿದ. ಗಿರಣಿಮನೆ ಮುಕ್ಕಾಲು ಎದ್ದಿತ್ತು, ನೀರಿನ ಚಕ್ರ ಮುಗಿದಿತ್ತು, ಕೆಳಗಲ್ಲು ಕೂತಿತ್ತು. ಮೇಲುಗಲ್ಲೊಂದೇ ಇಲ್ಲ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಟ್ರೈಫೀನಾ ಅಂಗಳದಲ್ಲಿ ಓಕ್ ಮರದ ಬೊಡ್ಡೆ ತೋಡಿ ಮಾಡಿದ ಒರಳಿನಲ್ಲಿ ಜೋಳ ಕುಟ್ಟುತ್ತಿದ್ದಳು. ಊರಿನ ಎಲ್ಲ ಹೆಂಗಸರ ಬೆಳಗೂ ಅದೇ ಒನಕೆಯ ಸದ್ದಿನಿಂದ ಶುರು. ಕೈಗಂಟು ಊದಿಕೊಳ್ಳದ ಹೆಂಗಸು ಊರಲ್ಲಿ ಇರಲಿಲ್ಲ. ವೆನ್‌ಬರಿಗೆ ಹೊತ್ತುಕೊಂಡು ಹೋದರೆ ಜೌಗು ದಾಟಿ ಹೋಗಿ ಬರಲು ಪೂರ್ತಿ ದಿನ, ಅದರ ಮೇಲೆ ಬೀಸಿದ ಹಿಟ್ಟಿನಲ್ಲಿ ಗಿರಣಿಯವನ ಪಾಲು.

"ಸಾಕು ಬಿಡು ಫೀನಾ," ಅಂದ ಜೇಬೆಜ್ ಒಂದು ಬೆಳಿಗ್ಗೆ. "ಆ ಕಲ್ಲು ಬರೋದು ಬೇಡ ಅಂತ ದೇವರಿಗೇ ಅನ್ಸಿದೆ. ಇಲ್ದಿದ್ರೆ ದಡದ ಹತ್ರ ಬಂದು ಯಾಕೆ ಮುಳುಗ್ಬೇಕಿತ್ತು?"

"ನಡುಸಮುದ್ರದಲ್ಲಿ ಮುಳುಗಿದ್ರೆ ನಾನೂ ಒಪ್ತಿದ್ದೆ," ಅಂದಳು ಅವಳು ಒನಕೆ ನಿಲ್ಲಿಸದೆ. "ದಡದ ಹತ್ರ ತಂದು ಬಿಟ್ಟಿದಾನೆ ಅಂದ್ರೆ, ಇಲ್ಲೀವರೆಗೆ ನಾನು ತಂದೆ, ಮಿಕ್ಕಿದ್ದು ನೀವು ನೋಡ್ಕೊಳ್ಳಿ ಅಂತ."

"ದೇವರ ಮಾತಿಗೆ ಅರ್ಥ ಹೇಳೋಕೆ ನೀನೇನು ಬೋಧಕಿಯಾ?"

"ನೀವೀಗ ಹೇಳ್ತಿದ್ರಲ್ಲ, ನೀವು ಬೋಧಕರಾ?"

ಜೇಬೆಜ್ ಮತ್ತೆ ಗೋಡೆಯ ಕಡೆ ತಿರುಗಿದ.

ಟ್ರೈಫೀನಾಳ ಅಪ್ಪ ಸಫೋಕಿನ ಬಂದರಿನಲ್ಲಿ ಪೀಪಾಯಿ ಮಾಡುತ್ತಿದ್ದವನು. ಗಂಡುಮಕ್ಕಳಿಲ್ಲದ್ದರಿಂದ ಹಲಗೆ ಬಾಗಿಸುವುದು, ಪಟ್ಟಿ ಬಿಗಿಯುವುದು ಎಲ್ಲವನ್ನೂ ಮಗಳಿಗೇ ಕಲಿಸಿದ್ದ. ಚಿಕ್ಕಂದಿನಲ್ಲಿ ಅವಳು ಖಾಲಿ ಪೀಪಾಯಿಯನ್ನು ನೀರಿಗೆ ಅದುಮಿ ಅದರ ಮೇಲೆ ಕೂರಲು ನೋಡುತ್ತಿದ್ದಳು. ಅದು ಪ್ರತಿ ಸಲವೂ ಒದ್ದು ಮೇಲೆದ್ದು ಅವಳನ್ನು ಬೀಳಿಸುತ್ತಿತ್ತು. ಒಮ್ಮೆ ಕೆಸರಲ್ಲಿ ಹೂತ ಹಡಗಿನ ಲಂಗರನ್ನು ಅಪ್ಪನ ಪೀಪಾಯಿಗಳನ್ನೇ ಕಟ್ಟಿ ಎಬ್ಬಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಂದು ಜೋಳ ಕುಟ್ಟಿ ಮುಗಿಸಿ ಅವಳು ನೇರ ಡಿಗರಿಯ ಗುಡಿಸಲಿಗೆ ಹೋದಳು.

ಡಿಗರಿ ಕಾರ್ನ್‌ವಾಲ್ ಕಡೆಯ ಮೀನುಗಾರ. ಚರ್ಚಿನ ಸಭೆಗೆ ಸೇರಿದವನಲ್ಲ, ಕುಡಿಯುತ್ತಿದ್ದ, ಬಾಯಿ ಹೊಲಸು. ಊರಿನವರು ಅವನ ಮೀನು ತಿನ್ನುತ್ತಿದ್ದರು, ಅವನ ನೆರಳು ಬೇಡವೆನ್ನುತ್ತಿದ್ದರು. ಅವನು ಒಡೆದ ದೋಣಿಯ ಪಕ್ಕೆಗೆ ಹಲಗೆ ಹೊಂದಿಸುತ್ತ ಕೂತಿದ್ದ.

"ನಿಮ್ಮ ಗಂಡನ ಕಾಲು ಮುರಿದವನು ನಾನೇ ಅಮ್ಮಾ. ಬಯ್ಯೋಕೆ ಬಂದಿದ್ರೆ ಬಯ್ಯಿ, ಕೇಳಿಸ್ಕೋತೀನಿ," ಅಂದ ತಲೆ ಎತ್ತದೆ.

"ಬಯ್ಯೋಕೆ ಹೊತ್ತಿಲ್ಲ. ಆ ಕಲ್ಲು ಬಿದ್ದ ಜಾಗ ಯಾವಾಗಾದ್ರೂ ನೀರಿಂದ ಮೇಲೆ ಕಾಣುತ್ತಾ?"

ಡಿಗರಿ ಉಳಿ ಕೆಳಗಿಟ್ಟ. "ಹುಣ್ಣಿಮೆ, ಅಮಾವಾಸ್ಯೆಗೆ ನೀರು ಪೂರ್ತಿ ಇಳಿದಾಗ ಬೆನ್ನು ಕಾಣುತ್ತೆ. ಸ್ವಲ್ಪ ಹೊತ್ತು ಅಷ್ಟೇ. ಯಾಕೆ?"

"ಆ ಸ್ವಲ್ಪ ಹೊತ್ತಲ್ಲಿ ಕಲ್ಲಿನ ನಡುವಿನ ಕಣ್ಣಿಗೆ ಹಗ್ಗ ಪೋಣಿಸಿ ಪೀಪಾಯಿ ಕಟ್ಬಿಟ್ರೆ? ಉಬ್ಬರ ಬಂದಾಗ?"

ಡಿಗರಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ದೊಡ್ಡದಾಗಿ ನಕ್ಕ. "ಎಷ್ಟು ಪೀಪಾಯಿ ಬೇಕಾಗುತ್ತೆ ಗೊತ್ತಾ? ನನ್ನ ಮೀನಿನ ಪೀಪಾಯಿ ಎಲ್ಲಾ ಕೊಟ್ರೂ ಅರ್ಧಕ್ಕಾಗಲ್ಲ."

"ಮಿಕ್ಕಿದ್ದು ಊರಲ್ಲಿದೆ. ಸೇಬು ಹಿಂಡೋ ತನಕ, ಹಂದಿಮಾಂಸಕ್ಕೆ ಉಪ್ಪು ಹಾಕೋ ತನಕ ಎಲ್ಲರ ಮನೆ ಪೀಪಾಯಿನೂ ಖಾಲಿ."

ಮರುದಿನದಿಂದಲೇ ಅವಳು ಮನೆಮನೆ ತಿರುಗಿದಳು. ಗಂಡಸರು ನಕ್ಕರು. "ಸಮುದ್ರಕ್ಕೆ ಸಾರಾಯಿ ಬಡಿಸ್ತೀಯೇನಮ್ಮಾ?" ಅಂದ ಒಬ್ಬ. ಹೆಂಗಸರು ನಗಲಿಲ್ಲ. ತಮ್ಮ ಊದಿದ ಕೈಗಂಟು ನೋಡಿಕೊಂಡು ಹಿತ್ತಲಿಗೆ ಹೋಗಿ ಪೀಪಾಯಿ ಉರುಳಿಸಿಕೊಂಡು ಬಂದರು. ಡೀಕನ್ ಥಾರ್ನ್‌ನ ಹೆಂಡತಿಯ ಹೆಸರು ಸೈಲೆನ್ಸ್, ಅಂದರೆ ಮೌನ. ಹೆಸರಿಟ್ಟವರು ಏನನ್ನು ಬಯಸಿ ಇಟ್ಟಿದ್ದರೋ, ಆಕೆ ಬಾಯಿ ತೆರೆದರೆ ಕೋಳಿಗಳೇ ಎದ್ದು ಆಚೆ ಹೋಗುತ್ತಿದ್ದವು.

"ನೋಡು ಟ್ರೈಫೀನಾ, ನಮ್ಮ ಯಜಮಾನರಿಗೆ ಇದು ಹಿಡಿಸಲ್ಲ, ನನ್ನ ತಮ್ಮನಿಗೂ ಹಿಡಿಸಲ್ಲ, ಅವನ ಗಿರಣೀಗೆ ಹೋಗಿ ನಾನೇ ಜೋಳ ಕೊಟ್ರೆ ನನ್ನ ಹತ್ರನೂ ಪಾಲು ತಗೋತಾನೆ ಕಣೇ, ಒಡಹುಟ್ಟಿದ ಅಕ್ಕನ ಹತ್ರ! ಹಿಂದಿನ ಕೊಟ್ಟಿಗೇಲಿ ಎರಡು ಪೀಪಾಯಿ ಇದೆ, ನಾನು ಕೊಟ್ಟೆ ಅಂತ ಹೇಳ್ಬೇಡ, ನಾನು ಯಾರಿಗೂ ಹೇಳಲ್ಲ," ಅಂದಳು. ಸಂಜೆಯ ಹೊತ್ತಿಗೆ ಆಕೆಯೇ ಊರಿಗೆಲ್ಲ ಹೇಳಿ ಮುಗಿಸಿದ್ದಳು.

ಅಮಾವಾಸ್ಯೆಯ ದೊಡ್ಡ ಇಳಿತದಲ್ಲಿ ಟ್ರೈಫೀನಾ, ಡಿಗರಿ, ಜೊತೆಗೆ ನಾಲ್ಕಾರು ಹೆಂಗಸರು ಲಂಗ ಎತ್ತಿ ಕಟ್ಟಿ ಮೊಣಕಾಲುದ್ದ ಕೆಸರಿಗೆ ಇಳಿದರು. ಚಿಪ್ಪು ಆರಿಸಲು ಬಂದಿದ್ದ, ಆ ನೆಲದ ಮೂಲನಿವಾಸಿಗಳಾದ ಪೆನ್ನಕುಕ್ ಹೆಂಗಸರು ಬುಟ್ಟಿ ಹಿಡಿದು ದೂರದಲ್ಲೇ ನಿಂತು ನೋಡಿದರು. ಕಲ್ಲಿನ ಕಣ್ಣಿಗೆ ಹಗ್ಗ ಹಾಕಿ, ಸುತ್ತಲೂ ಪೀಪಾಯಿ ಕಟ್ಟಿ, ನೀರು ಏರುವಾಗ ದಡ ಸೇರಿದರು. ಉಬ್ಬರ ಏರಿತು. ಪೀಪಾಯಿಗಳು ಒಂದೊಂದಾಗಿ ಮುಳುಗಿದವು. ನೀರಿನ ಮೇಲೆ ಗುಳ್ಳೆ ಎದ್ದವು. ಆಮೇಲೆ ಒಂದು ಪೀಪಾಯಿ ಹಗ್ಗದಿಂದ ನುಣುಚಿ ಮೀನಿನಂತೆ ಮೇಲೆ ಹಾರಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೋಡನೋಡುತ್ತ ಊರಿನ ಪೀಪಾಯಿಗಳೆಲ್ಲ ಅಳಿವೆಯ ತುಂಬ ಚೆಲ್ಲಾಪಿಲ್ಲಿಯಾದವು. ಕಲ್ಲು ಅಲುಗಲಿಲ್ಲ.

ದಂಡೆಯ ಮೇಲೆ ನಿಂತ ಗಂಡಸರು ಹೊಟ್ಟೆ ಹಿಡಿದು ನಕ್ಕರು. "ಪೀಪಾಯಿ ಎಲ್ಲಾ ಇಂಗ್ಲೆಂಡಿಗೆ ವಾಪಸ್ ಹೊರಟ್ವು! ರಾಜನಿಗೆ ನಮ್ಮ ನಮಸ್ಕಾರ ಹೇಳ್ರಪ್ಪೋ!" ಡಿಗರಿ ಪುಟ್ಟ ದೋಣಿಯಲ್ಲಿ ಇಡೀ ದಿನ ಪೀಪಾಯಿಗಳ ಬೆನ್ನುಹತ್ತಿ ಬಹಳಷ್ಟನ್ನು ಹಿಡಿದು ತಂದ. ಕೆಲವು ಬಿರುಕು ಬಿಟ್ಟಿದ್ದವು, ಕೆಲವು ಹೋಗಿಯೇಬಿಟ್ಟವು.

ಮರುದಿನ ಡೀಕನ್ ಥಾರ್ನ್ ತಾನೇ ಮನೆಗೆ ಬಂದ. ಉದ್ದನೆಯ, ಒಣಗಿದ, ನಗದ ಮನುಷ್ಯ. ಆದರೆ ಸುಳ್ಳಾಡುವವನಲ್ಲ, ಅಳತೆಯಲ್ಲಿ ಮೋಸ ಮಾಡುವವನಲ್ಲ. ಜೇಬೆಜ್‌ನ ಹಾಸಿಗೆಯ ಪಕ್ಕ ಕೂತು ತೊಡೆಯ ಗಾಯ ವಿಚಾರಿಸಿದ. ಆಮೇಲೆ ಅಂದ: "ಸಹೋದರ ಲೋವೆಟ್, ನನ್ನ ಭಾವಮೈದ ಇಲ್ಲಿ ಗಿರಣಿ ಹಾಕಿದ್ರೆ ಚಕ್ರ, ಕಲ್ಲು ನೋಡ್ಕೊಳ್ಳೋಕೆ ಒಬ್ಬ ಕೈಪಳಗಿದವನು ಬೇಕು. ಕಾಲು ಕುಂಟಾದ್ರೂ ನಿನ್ನ ಕೈ ಚೆನ್ನಾಗಿದೆ. ನೀವಿಬ್ರೂ ಹಸಿವಿನಲ್ಲಿ ಇರಬೇಕಾಗಿಲ್ಲ. ಇದು ಕನಿಕರ ಅಲ್ಲ, ಕೆಲಸ."

ಜೇಬೆಜ್‌ನ ಕಣ್ಣು ತುಂಬಿತು. "ದೊಡ್ಡ ಮಾತು ಡೀಕನ್ನರೇ…"

"ಹಿಮ ಬಿದ್ದಿದೆಯಾ ಡೀಕನ್ನರೇ?" ಅಂತ ಕೇಳಿದಳು ಟ್ರೈಫೀನಾ.

"ಏನು?"

"ಹಿಮ. ಆಚೆ ಬಿದ್ದಿದೆಯಾ?"

"ಇದು ಆಗಸ್ಟ್ ತಿಂಗಳು, ಸಹೋದರಿ."

"ಹಾಗಾದ್ರೆ ಹಳ್ಳ ಇನ್ನೂ ನಮ್ಮದೇ. ಹಿಮ ಬಿದ್ದ ದಿನ ಬನ್ನಿ, ಈ ಮಾತು ಆವತ್ತು ಆಡೋಣ. ಈಗ ಒಂದು ಲೋಟ ಬಿಯರ್ ಕುಡೀತೀರಾ?"

ಡೀಕನ್ ಎದ್ದು ಟೋಪಿ ಹಾಕಿಕೊಂಡ. ಬಾಗಿಲ ಹತ್ತಿರ ನಿಂತು, "ಛಲಕ್ಕೂ ಅಹಂಕಾರಕ್ಕೂ ನಡುವೆ ಗೋಡೆ ತೆಳ್ಳಗಿರುತ್ತೆ ಸಹೋದರಿ. ನೋಡ್ಕೊಂಡು ನಡಿ," ಅಂದು ಹೋದ. ಆ ಮಾತು ಅವಳಿಗೆ ಚುಚ್ಚಿತು. ಅದರಲ್ಲಿ ನಿಜವಿರಬಹುದೆಂದು ಅನ್ನಿಸಿದ್ದರಿಂದಲೇ ಚುಚ್ಚಿತು. ಅವಳು ಅಪ್ಪನ ಪೆಟ್ಟಿಗೆಯಿಂದ ಬಾಚಿಯನ್ನೂ ಪಟ್ಟಿ ಬಿಗಿಯುವ ಸುತ್ತಿಗೆಯನ್ನೂ ತೆಗೆದು ಅಂಗಳಕ್ಕೆ ಹೋದಳು. ಹುಣ್ಣಿಮೆಯವರೆಗೆ ಹಗಲೆಲ್ಲ ಅಲ್ಲೇ. ಬಿರುಕು ಬಿಟ್ಟವನ್ನು ಸರಿಪಡಿಸಿದಳು, ಕಳೆದುಹೋದವಕ್ಕೆ ಬದಲು ಹೊಸದು ಕಟ್ಟಿದಳು. ಪೀಪಾಯಿಗಳು ಮೊದಲ ಸಲ ಯಾಕೆ ನುಣುಚಿದವೆಂದು ಯೋಚಿಸಿ, ಈ ಸಲ ಒಂದೊಂದಕ್ಕೂ ಡಿಗರಿಯ ಹಳೆಯ ಬಲೆಯ ಚೀಲ ಹೊಲಿದಳು. ಕಲ್ಲನ್ನು ಕೆಸರು ಹೀರಿ ಹಿಡಿದಿರುತ್ತದೆ, ಅದರ ಅಡಿಗೆ ಗಳ ತೂರಿಸಿ ಗಾಳಿ ಬಿಡಬೇಕೆಂದು ಡಿಗರಿ ಅಂದ. ಗಳಗಳನ್ನು ಕಡಿದು ಇಟ್ಟರು.

ಹುಣ್ಣಿಮೆಯ ದೊಡ್ಡ ಇಳಿತ ಶನಿವಾರ ಸಂಜೆಗೆ ಬಂತು. ಇದೊಂದು ಸಂಕಟ. ಶನಿವಾರ ಸೂರ್ಯ ಮುಳುಗಿದರೆ ಸಬ್ಬತ್ ಶುರು; ಆಮೇಲೆ ಭಾನುವಾರದ ಸೂರ್ಯ ಮುಳುಗುವ ತನಕ ಊರಲ್ಲಿ ಯಾರೂ ಕೆಲಸ ಮುಟ್ಟುವ ಹಾಗಿಲ್ಲ, ಒಲೆಯ ಮೇಲೆ ಹೊಸ ಅಡುಗೆ ಕೂಡ ಇಲ್ಲ.

"ಕಟ್ಟೋದು ಸೂರ್ಯ ಮುಳುಗೋ ಮೊದಲು ಮುಗಿಯುತ್ತೆ," ಅಂದಳು ಟ್ರೈಫೀನಾ ಗಂಡನಿಗೆ. "ಎತ್ತೋದು ಸಮುದ್ರದ ಕೆಲಸ. ಸಮುದ್ರಕ್ಕೆ ಸಬ್ಬತ್ ಇಲ್ಲವಲ್ಲ."

"ಎದ್ದ ಮೇಲೆ ಎಳ್ಕೊಳ್ಳೋದು?"

"ನೋಡೋಣ."

"ಫೀನಾ, ನೋಡೋಣ ಅನ್ಬೇಡ. ನಾವು ಹಡಗು ಹತ್ತಿ ಇಷ್ಟು ದೂರ ಬಂದಿದ್ದು ದೇವರ ದಿನವನ್ನ ದೇವರ ದಿನವಾಗಿ ಇಟ್ಕೊಳ್ಳೋಕೆ. ಒಂದು ಕಲ್ಲಿಗೋಸ್ಕರ ಅಲ್ಲ."

ಅವಳು ಮಾತು ಕೊಡಲಿಲ್ಲ. ಸಂಜೆ ಸೂರ್ಯ ಕಾಡಿನ ತುದಿಗೆ ತಾಗುವ ಮೊದಲು ಕಲ್ಲಿನಡಿಗೆ ಗಳ ತೂರಿಸಿ, ಪೀಪಾಯಿ ಕಟ್ಟಿ ಮುಗಿಸಿದರು. ಕಲ್ಲಿನಿಂದ ದಪ್ಪ ಹಗ್ಗದ ಒಂದು ಉದ್ದದ ಮಿಣಿಯನ್ನು ಹಳ್ಳ ಅಳಿವೆಗೆ ಸೇರುವ ಜಾಗದ ಓಕ್ ಮರದವರೆಗೆ ಎಳೆದು ಬಿಗಿದರು. ಎಲ್ಲರೂ ಕೈ ತೊಳೆದು ಮನೆಗೆ ಹೋದರು. ರಾತ್ರಿಯ ಉಬ್ಬರಕ್ಕೆ ಕಲ್ಲು ಅಲುಗಲಿಲ್ಲ. ಬೆಳಿಗ್ಗೆ ಸಭಾಮನೆಗೆ ಹೋಗುವ ದಾರಿಯಲ್ಲಿ ಅವಳು ನಿಂತು ನೋಡಿದಳು. ನೀರು ಇಳಿದು ಪೀಪಾಯಿಗಳೆಲ್ಲ ಕೆಸರಿನ ಮೇಲೆ ಕಟ್ಟಿದ ಹಾಗೇ ಬಿದ್ದಿದ್ದವು.

ಸಭಾಮನೆ ದಿಬ್ಬದ ಮೇಲಿತ್ತು. ಸೆಖೆಗೆ ಬಾಗಿಲು ತೆರೆದಿಟ್ಟಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಟ್ರೈಫೀನಾ ಕೂತ ಬೆಂಚಿನಿಂದ ಅಳಿವೆಯ ಒಂದು ತುಂಡು ಕಾಣುತ್ತಿತ್ತು. ಅವಳು ಅತ್ತ ನೋಡಬಾರದೆಂದು ತೊಡೆಯ ಮೇಲಿನ ಕೈ ನೋಡುತ್ತ ಕೂತಳು. ಬೋಧಕ ಹೇಲ್ ಸೌಮ್ಯ ಮನುಷ್ಯ, ಆದರೆ ಬೋಧನೆ ಶುರು ಮಾಡಿದರೆ ಮರಳುಗಡಿಯಾರ ಎರಡು ಸಲ ಮಗುಚಿದರೂ ನಿಲ್ಲಿಸುವವರಲ್ಲ. ಹಿಂದಿನ ಬೆಂಚಿನಲ್ಲಿ ಡಿಗರಿ ಗೊರಕೆ ಹೊಡೆಯುತ್ತಿದ್ದ. ಹಿಂದಿನ ವಾರ ಬರದಿದ್ದಕ್ಕೆ ದಂಡ ಬಿದ್ದು ಇವತ್ತು ಬಂದಿದ್ದ. ನಿದ್ದೆ ಹೋದವರನ್ನು ಎಬ್ಬಿಸುವ ಕಾವಲಿನವನು ಕೋಲಿನಿಂದ ಅವನ ತಲೆಗೆ ತಟ್ಟಿದ.

ಮಧ್ಯಾಹ್ನ ಹತ್ತಿರವಾಗುತ್ತಿತ್ತು. ಆಗ ಅಳಿವೆಯ ಕಡೆಯಿಂದ ಆ ಸದ್ದು ಬಂತು. ದೊಡ್ಡ ಎಮ್ಮೆ ಕೆಸರಿನಿಂದ ಕಾಲು ಕಿತ್ತ ಹಾಗೆ, ಆದರೆ ನೂರು ಪಾಲು ದೊಡ್ಡದು. ಅದರ ಹಿಂದೆಯೇ ಪೀಪಾಯಿಗಳು ಒಂದಕ್ಕೊಂದು ಬಡಿದ ಡಬಡಬ. ಬೋಧಕರು ಅರ್ಧ ವಾಕ್ಯದಲ್ಲಿ ನಿಂತರು. ಎಲ್ಲರ ತಲೆಯೂ ಬಾಗಿಲ ಕಡೆ ತಿರುಗಿತು. ಪೀಪಾಯಿಗಳ ಗುಂಪು ನೀರಿನ ಮೇಲೆ ಕುಣಿಯುತ್ತ, ಉಬ್ಬರದ ಜೊತೆ ನಿಧಾನವಾಗಿ ಹಳ್ಳದ ಕಡೆಗೆ ತೇಲಿ ಬರುತ್ತಿತ್ತು.

ಬೋಧಕರು ಕೆಮ್ಮಿ ಮತ್ತೆ ಶುರು ಮಾಡಿದರು. ಜನ ಮುಂದೆ ತಿರುಗಿದರು. ಟ್ರೈಫೀನಾ ಮಾತ್ರ ಅಳಿವೆಯ ಕಡೆಯೇ ನೋಡುತ್ತಿದ್ದಳು. ಮಿಣಿ ಸಡಿಲವಾಗುತ್ತಿದೆ. ಯಾರಾದರೂ ಅದನ್ನು ಮರಕ್ಕೆ ಸುತ್ತಿ ಸುತ್ತಿ ಎಳೆದುಕೊಂಡರೆ ಕಲ್ಲು ಹಳ್ಳದ ಬಾಯಿಯ ಗರಸಿನ ಮೇಲೆ ಕೂರುತ್ತದೆ. ಎಳೆಯದಿದ್ದರೆ ನೀರು ಇಳಿಯುವಾಗ ಅಷ್ಟೂ ಮಿಣಿಯ ಉದ್ದಕ್ಕೆ ಹಿಂದಕ್ಕೆ ಹೋಗಿ, ನಡುವಿನ ಆಳದ ಕಾಲುವೆಗೆ ಬೀಳುತ್ತದೆ. ಅಲ್ಲಿ ಯಾವ ಹುಣ್ಣಿಮೆಗೂ ಅದರ ಬೆನ್ನು ಕಾಣುವುದಿಲ್ಲ.

ಅವಳು ಜೇಬೆಜ್‌ನ ಮಾತು ನೆನೆದಳು. ಅದು ಸರಿ ಎಂದು ಅವಳಿಗೂ ಗೊತ್ತಿತ್ತು. ಡೀಕನ್ ಹೇಳಿದ ತೆಳ್ಳಗಿನ ಗೋಡೆಯೂ ನೆನಪಾಯಿತು. ಕ್ಷಮಿಸು ಅಂತ ದೇವರನ್ನು ಕೇಳಲು ಹೋಗಿ, ಮಾಡುವ ಮೊದಲೇ ಕ್ಷಮೆ ಕೇಳುವುದು ಮೋಸವೆನ್ನಿಸಿ ಸುಮ್ಮನಾದಳು. ಆಮೇಲೆ ಎದ್ದಳು.

ಬೆಂಚು ಕಿರುಗುಟ್ಟಿತು. ಸೈಲೆನ್ಸ್ ಥಾರ್ನ್ ಅವಳ ಲಂಗ ಹಿಡಿದೆಳೆದು ಪಿಸುಗುಟ್ಟಿದಳು: "ಕೂತ್ಕೊಳ್ಳೇ, ಹುಚ್ಚಿ! ಉಚ್ಚೆ ಹೊಯ್ಯೋಕಾದ್ರೆ ಆಮೇಲೆ ಹೋಗು." ಟ್ರೈಫೀನಾ ಲಂಗ ಬಿಡಿಸಿಕೊಂಡು ನಡುದಾರಿಯಲ್ಲಿ ನಡೆದಳು. ಕಾವಲಿನವನು ಕೋಲು ಅಡ್ಡ ಹಿಡಿದ.

"ಎಲ್ಲಿಗಮ್ಮಾ?"

"ಕಲ್ಲು ಎಳೆಯೋಕೆ," ಅಂದಳು, ಇಡೀ ಸಭೆಗೆ ಕೇಳುವ ಹಾಗೆ. ಸುಳ್ಳು ಹೇಳಿ ಹೋಗುವುದು ಅವಳಿಗೆ ಬೇಕಿರಲಿಲ್ಲ. ಕಾವಲಿನವನು ಬೋಧಕರ ಮುಖ ನೋಡಿದ. ಅಷ್ಟರಲ್ಲಿ ಅವಳು ಕೋಲಿನಡಿ ತಲೆ ತಗ್ಗಿಸಿ ಹೊರಗೆ ಹೋಗಿದ್ದಳು.

ದಿಬ್ಬ ಇಳಿದು ಓಡಿದಳು. ಮಿಣಿ ನೆನೆದು ಕಬ್ಬಿಣದಷ್ಟು ಭಾರವಾಗಿತ್ತು. ಅಲೆ ಕಲ್ಲನ್ನು ಮುಂದಕ್ಕೆ ತಳ್ಳಿದಾಗಲೆಲ್ಲ ಸಡಿಲಾದಷ್ಟನ್ನು ಎಳೆದು ಓಕ್ ಮರಕ್ಕೆ ಸುತ್ತುತ್ತಿದ್ದಳು. ಅಲೆ ಹಿಂದೆಳೆದಾಗ ಮರ ಹಿಡಿದುಕೊಳ್ಳುತ್ತಿತ್ತು. ಅಂಗೈ ಸುಲಿದು ಮಿಣಿ ಕೆಂಪಾಯಿತು. ಹಿಂದಿರುಗಿ ನೋಡಿದರೆ ಸಭೆಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಅಷ್ಟು ಜನ, ಅಷ್ಟು ತೋಳು. ಒಬ್ಬರೂ ಇಳಿದು ಬರಲಿಲ್ಲ. ಬರಬೇಕೆಂದು ಅವಳೂ ಬಯಸಲಿಲ್ಲ. ತನ್ನ ತಪ್ಪಿನಲ್ಲಿ ಯಾರಿಗೂ ಪಾಲು ಬೇಡ. ಡಿಗರಿ ಒಂದು ಹೆಜ್ಜೆ ಇಟ್ಟಾಗ ಅವಳೇ ಕೂಗಿದಳು: "ಅಲ್ಲೇ ಇರೋ! ನಿನಗೆ ಈಗಿರೋ ದಂಡವೇ ಸಾಕು!"

ಉಬ್ಬರ ತುಂಬಿ ನಿಂತಾಗ ಪೀಪಾಯಿಗಳು ಹಳ್ಳದ ಬಾಯಿಗೆ ಬಂದು ಮುಟ್ಟಿದ್ದವು. ಅವಳು ಕೊನೆಯ ಗಂಟು ಬಿಗಿದು, ರಕ್ತದ ಕೈಯನ್ನು ಉಪ್ಪುನೀರಿನಲ್ಲಿ ಅದ್ದಿ ತೊಳೆದು, ದಿಬ್ಬ ಹತ್ತಿದಳು. ಜನ ದಾರಿ ಬಿಟ್ಟರು. ಕೆಸರಿನ ಲಂಗದಲ್ಲೇ ತನ್ನ ಜಾಗಕ್ಕೆ ಹೋಗಿ ಕೂತಳು. ಬೋಧಕರು ಉಳಿದ ಬೋಧನೆ ಮುಗಿಸಿದರು. ಅವಳು ಒಂದು ಮಾತೂ ಬಿಡದೆ ಕೇಳಿದಳು.

ಮುಂದಿನ ವಾರ ಸಭೆಯ ಮುಂದೆ ಅವಳನ್ನು ನಿಲ್ಲಿಸಿದರು. ಬೋಧಕ ಹೇಲ್ ಮೆಲ್ಲಗೆ ಕೇಳಿದರು: "ಸಹೋದರಿ ಲೋವೆಟ್, ಸಬ್ಬತ್ ಮುರಿದದ್ದು ಪಾಪ ಅಂತ ಒಪ್ತೀಯಾ?"

"ಒಪ್ತೀನಿ ಸ್ವಾಮಿ."

"ಹಾಗೆ ಮಾಡಬಾರದಿತ್ತು ಅಂತ ಮನಸ್ಸಿಂದ ಪಶ್ಚಾತ್ತಾಪ ಪಡ್ತೀಯಾ? ಪಡ್ತೀನಿ ಅಂದ್ರೆ ಈ ಮಾತು ಇಲ್ಲಿಗೇ ಮುಗೀತು."

ಒಂದು ಮಾತು. ಜೇಬೆಜ್ ಕೂಡ ಕುರ್ಚಿಯಲ್ಲಿ ಹೊರಿಸಿಕೊಂಡು ಬಂದು, ಆ ಮಾತು ಹೇಳು ಅಂತ ಕಣ್ಣಲ್ಲೇ ಬೇಡುತ್ತಿದ್ದ.

"ಇಲ್ಲ ಸ್ವಾಮಿ," ಅಂದಳು ಟ್ರೈಫೀನಾ. "ತಪ್ಪು ಅಂತ ಗೊತ್ತು, ಶಿಕ್ಷೆ ಕೊಡಿ. ಆದ್ರೆ ಕಲ್ಲು ಅಲ್ಲಿ ಕೂತಿರೋದು ನೋಡಿದ್ರೆ ನನಗೆ ಸಂತೋಷವೇ ಆಗುತ್ತೆ. ಮಾಡಬಾರದಿತ್ತು ಅನ್ನೋದು ಬಾಯಿಗೆ ಬಂದ್ರೂ ಮನಸ್ಸಿಗೆ ಬರ್ತಾ ಇಲ್ಲ. ಒಂದು ಪಾಪ ತೊಳೆಯೋಕೆ ದೇವರ ಮನೇಲಿ ನಿಂತು ಸುಳ್ಳು ಹೇಳಲ್ಲ."

ಗುಜುಗುಜು ಎದ್ದಿತು. ಅವಳಿಗೆ ದಂಡ ಹಾಕಿದರು. ಸಭೆಯವರೆಲ್ಲ ಹಂಚಿಕೊಳ್ಳುವ ಪ್ರಭುವಿನ ಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸ ಅವಳಿಗಿಲ್ಲ, ಕೂರುವ ಜಾಗ ಬಾಗಿಲ ಪಕ್ಕದ ಕೊನೆಯ ಬೆಂಚು, ಮನಸ್ಸು ತಿರುಗುವ ತನಕ. ಒಬ್ಬ ಹಿರಿಯ ಎದ್ದು, "ಕಲ್ಲನ್ನೂ ವಾಪಸ್ ಸಮುದ್ರಕ್ಕೆ ಉರುಳಿಸ್ಬೇಕು. ಪಾಪದ ಫಲ ಊರಲ್ಲಿ ಇರಬಾರದು," ಅಂದ. ಕೆಲವರು ಹೌದೆಂದು ತಲೆಯಾಡಿಸಿದರು.

ಆಗ ಡೀಕನ್ ಥಾರ್ನ್ ಎದ್ದ. ಎಲ್ಲರೂ ಅವನು ಇನ್ನಷ್ಟು ಬಿಗಿಯುತ್ತಾನೆಂದುಕೊಂಡರು. "ಪಾಪ ಮಾಡಿದ್ದು ಹೆಂಗಸು, ಕಲ್ಲಲ್ಲ," ಅಂದ ಅವನು. "ಹಳ್ಳ ಕೊಟ್ಟಾಗ ನಾವು ಹಾಕಿದ ಷರತ್ತು ಹಿಮದ್ದು. ಕಲ್ಲು ಯಾವ ದಿನ ಬಂತು ಅಂತ ಅದರಲ್ಲಿಲ್ಲ. ಕೊಟ್ಟ ಮಾತು ಊರೇ ಮುರಿದ್ರೆ ನಾಳೆ ಯಾರ ಹೊಲಕ್ಕೂ ಬೆಲೆ ಇರಲ್ಲ. ಹಿಮ ಬೀಳೋ ತನಕ ಹಳ್ಳ ಅವರದ್ದೇ." ಕೂತ. ಟ್ರೈಫೀನಾಳ ಕಡೆ ತಿರುಗಿಯೂ ನೋಡಲಿಲ್ಲ.

ಊರಿಗಿಂತ ಮನೆಯನ್ನು ಒಪ್ಪಿಸುವುದೇ ಕಷ್ಟವಾಯಿತು. "ಸಬ್ಬತ್ ದಿನ ಎಳೆದ ಕಲ್ಲು. ನಾನು ಅದಕ್ಕೆ ಉಳಿ ತಾಗಿಸಲ್ಲ," ಅಂದುಬಿಟ್ಟ ಜೇಬೆಜ್. ಮೇಲುಗಲ್ಲಿನ ಮುಖಕ್ಕೆ ಸಾಲುಸಾಲಾಗಿ ಗೀರು ಕೊರೆಯದಿದ್ದರೆ ಅದು ಜೋಳ ಒಡೆಯುವುದಿಲ್ಲ, ಬರೀ ಹೊರಳಿಸುತ್ತದೆ. ಊರಲ್ಲಿ ಆ ಕೆಲಸ ಬಲ್ಲವನು ಅವನೊಬ್ಬನೇ.

ನೆರೆಯವರ ಎತ್ತು ಕಟ್ಟಿ ಕಲ್ಲನ್ನು ಗಿರಣಿಗೆ ಎಳೆಸಿದ ಮೇಲೆ ಟ್ರೈಫೀನಾ ಉಳಿ ಸುತ್ತಿಗೆ ತಗೊಂಡು ಕೂತಳು. ಕೆಳಗಲ್ಲಿನ ಗೀರುಗಳನ್ನು ನೋಡಿ ನೋಡಿ ಕೊರೆಯತೊಡಗಿದಳು. ಗಿರಣಿಮನೆಗೂ ಮನೆಗೂ ಒಂದು ಗೋಡೆಯಷ್ಟೇ ಅಂತರ. ಜೇಬೆಜ್ ಹಾಸಿಗೆಯಲ್ಲಿ ಕಿವಿ ಮುಚ್ಚಿಕೊಂಡ. ಟಕ್, ಟಕ್, ಟಣ್. ಮತ್ತೆ ಟಣ್. ಒಂದು ಬೆಳಿಗ್ಗೆ ತಡೆದ, ಮಧ್ಯಾಹ್ನದವರೆಗೂ ತಡೆದ.

"ಉಳಿ ನೆಟ್ಟಗೆ ಹಿಡೀತಿದೀಯಲ್ಲೇ! ಓರೆ ಹಿಡಿ, ಓರೆ!" ಎಂದು ಒಳಗಿನಿಂದ ಕೂಗಿದ.

"ಕಲ್ಲು ಮುಟ್ಟಲ್ಲ ಅಂದೋರು ಮಲಗಿ," ಅಂದಳು ಅವಳು. ಟಣ್.

"ಅಯ್ಯೋ, ಅಂಚು ಹಾರಿಸ್ತಾ ಇದೀಯ! ಆ ಕಲ್ಲನ್ನ ಕೊಲ್ತಾ ಇದೀಯ ಕಣೇ ನೀನು!"

"ನಾನು ಪೀಪಾಯಿಯವನ ಮಗಳು. ನನಗೆ ಬರೋದು ಇಷ್ಟೇ." ಟಣ್.

ಬಾಗಿಲ ಹತ್ತಿರ ಏನೋ ತೆವಳಿದ ಸದ್ದು. ಜೇಬೆಜ್ ಎರಡು ಊರುಗೋಲಿನ ಮೇಲೆ ನೇತಾಡುತ್ತ, ನೋವಿಗೆ ಬೆವರುತ್ತ ನಿಂತಿದ್ದ. ಕಲ್ಲು ನೋಡಿದ. ಅದರ ಮುಖದ ಮೇಲೆ ಕೋಳಿ ಕೆರೆದ ಹಾಗಿತ್ತು. ಅಲ್ಲೇ ಕುಸಿದು ಕೂತು, ಅವಳ ಕೈಯಿಂದ ಉಳಿ ಕಿತ್ತುಕೊಂಡ. ಅವಳ ಅಂಗೈಯ ಇನ್ನೂ ಮಾಯದ ಗಾಯ ಆಗ ಅವನ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತು ಆ ಕೈಯನ್ನು ಹಿಡಿದುಕೊಂಡೇ ಇದ್ದ.

"ನೀನು ಮಾಡಿದ್ದು ತಪ್ಪೇ," ಅಂದ ಕೊನೆಗೆ. "ಅದನ್ನ ನಾನು ಸಾಯೋ ತನಕ ಹೇಳ್ತೀನಿ."

"ಹೇಳಿ."

"ಆ ಸಣ್ಣ ಸುತ್ತಿಗೆ ಕೊಡು."

ಅಲ್ಲಿಂದ ಕೆಲಸ ಓಡಿತು. ಅವನು ಕೊರೆದ, ಅವಳು ಚಕ್ರಕ್ಕೆ ಹಂದಿಕೊಬ್ಬು ಸವರಿದಳು, ಚಾವಣಿಗೆ ಹಲಗೆ ಹೊದಿಸಿದಳು. ಡಿಗರಿ ನೀರಿನ ತೂಬು ಕೂರಿಸಿದ. ಕುಂಬಳ ಹಣ್ಣಾಯಿತು, ಜೋಳದ ತೆನೆ ಕೊಯ್ಲಾಯಿತು, ಮೇಪಲ್ ಎಲೆ ಕೆಂಪಾಗಿ ಉದುರಿತು. ಬೆಳಗಿನ ಹೊತ್ತು ಹಳ್ಳದ ಅಂಚಿಗೆ ತೆಳು ಮಂಜುಗಡ್ಡೆ ಕಟ್ಟತೊಡಗಿತು.

ಮೇಲುಗಲ್ಲು ಕೂರಿಸಿದ ದಿನ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಹಿಮದ ವಾಸನೆ ಎಲ್ಲರ ಮೂಗಿಗೂ ಬಂತು. ಹೆಂಗಸರು ಚೀಲ ಹೊತ್ತು ಬಂದು ಗಿರಣಿಯ ಮುಂದೆ ನಿಂತರು. ಡೀಕನ್ ಥಾರ್ನ್ ಸಾಕ್ಷಿಗೆಂದು ಬಂದು ಬಾಗಿಲಲ್ಲಿ ನಿಂತ. ಟ್ರೈಫೀನಾ ತೂಬು ಎತ್ತಿದಳು. ನೀರು ಚಕ್ರಕ್ಕೆ ಬಿತ್ತು. ಚಕ್ರ ನರಳಿತು, ಅರ್ಧ ತಿರುಗಿ ನಿಂತಿತು. ಯಾರೋ ಹಿಂದಿನಿಂದ ನಕ್ಕರು. ಜೇಬೆಜ್ ಊರುಗೋಲಿನಿಂದ ಅಚ್ಚಿಗೆ ಒಂದು ಏಟು ಬಿಗಿದ. ಚಕ್ರ ತಿರುಗಿತು. ಮೇಲುಗಲ್ಲು ಗುರುಗುಟ್ಟುತ್ತ ಸುತ್ತತೊಡಗಿ, ಜೋಳ ಒಡೆದು, ಬಾಯಿಂದ ಬೆಚ್ಚಗಿನ ಹಳದಿ ಹಿಟ್ಟು ಇಳಿಯಿತು.

ಡೀಕನ್ ಮುಂದೆ ಬಂದು ಒಂದು ಚಿಟಿಕೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದ. ಹೊರಗೆ ಹೋಗಿ ಆಕಾಶ ನೋಡಿದ. ನೆಲ ನೋಡಿದ. "ನೆಲ ಇನ್ನೂ ಕಪ್ಪಗಿದೆ. ಹಳ್ಳ ಲೋವೆಟ್ಟರದ್ದು," ಅಂದು ಮನೆ ಕಡೆ ಹೊರಟ. ಅವನ ಹಿಂದೆ ಬಂದಿದ್ದ ಸೈಲೆನ್ಸ್ ಮಾತ್ರ ಹೊರಡಲಿಲ್ಲ. "ನನ್ನ ಚೀಲ ಮೊದಲು ಹಾಕೇ, ಪೀಪಾಯಿ ಮೊದಲು ಕೊಟ್ಟಿದ್ದು ನಾನಲ್ವಾ," ಅಂತ ಸಾಲು ಮುರಿದು ಮುಂದೆ ನುಗ್ಗಿದಳು. ಹೆಂಗಸರೆಲ್ಲ ಸೇರಿ ಅವಳನ್ನು ಬಯ್ದು ಹಿಂದಕ್ಕೆ ಕಳಿಸಿದರು.

ಚಳಿಗಾಲವೆಲ್ಲ ಗಿರಣಿ ನಿಲ್ಲಲಿಲ್ಲ. ಭಾನುವಾರಗಳಲ್ಲಿ ಟ್ರೈಫೀನಾ ಬಾಗಿಲ ಪಕ್ಕದ ಬೆಂಚಿನಲ್ಲಿ ಡಿಗರಿಯ ಪಕ್ಕ ಕೂತು ಗಾಳಿಗೆ ನಡುಗುತ್ತ ಬೋಧನೆ ಕೇಳಿದಳು. ಭೋಜನದ ದಿನ ರೊಟ್ಟಿಯ ತಟ್ಟೆ ಅವಳನ್ನು ದಾಟಿ ಹೋಗುವಾಗ ಅದನ್ನೇ ನೋಡುತ್ತ ಕೂರುತ್ತಿದ್ದಳು. ಅದು ಅವಳು ತೆತ್ತ ಬೆಲೆ. ಸಣ್ಣದೆಂದು ಅವಳು ಎಂದೂ ಹೇಳಲಿಲ್ಲ.

ವಸಂತದಲ್ಲಿ ಮೊಟ್ಟೆಯಿಡಲು ಹೆರಿಂಗ್ ಮೀನಿನ ಹಿಂಡು ಸಮುದ್ರದಿಂದ ಹಳ್ಳ ಹತ್ತಿ ಬಂತು. ಗಿರಣಿಗೆಂದು ನೀರಿಗೆ ಅಡ್ಡ ಕಟ್ಟಿದ ಒಡ್ಡಿಗೆ ಬಡಿದು ಬಡಿದು ಬೆಳ್ಳಗೆ ಹೊಳೆಯುತ್ತ ರಾಶಿಬಿದ್ದವು. ಮೇಲಿನ ಕೆರೆಯ ಹತ್ತಿರ ಪ್ರತಿವರ್ಷ ಮೀನು ಹಿಡಿಯುತ್ತಿದ್ದ ಪೆನ್ನಕುಕ್ ಜನ ಖಾಲಿ ಬುಟ್ಟಿ ಹಿಡಿದು ಒಡ್ಡಿನವರೆಗೆ ಇಳಿದು ಬಂದು ನಿಂತರು. ಟ್ರೈಫೀನಾ ಒಂದು ಬೆಳಿಗ್ಗೆ ಅವರನ್ನು ನೋಡಿದಳು. ಒಳಗೆ ಹೋಗಿ ಕಲ್ಲು ನಿಲ್ಲಿಸಿ, ಒಡ್ಡಿನ ತೂಬು ಪೂರ್ತಿ ಎತ್ತಿಬಿಟ್ಟಳು.

"ಅಷ್ಟೂ ನೀರು ಹೋಗುತ್ತೆ ಕಣೇ!" ಅಂದ ಜೇಬೆಜ್. "ಊರಿನೋರು ಚೀಲ ಹಿಡ್ಕೊಂಡು ಬಂದ್ರೆ?"

"ಮೀನು ಹ‍ತ್ತಿ ಮುಗಿಯೋ ತನಕ ಒನಕೆ ಹಿಡೀಲಿ. ಮರೆತಿಲ್ಲ ಅವರು."

ಅದೇ ದಿನ ಬೋಧಕ ಹೇಲ್ ಬಂದರು. ಕೈಯಲ್ಲಿ ಚೀಲವಿರಲಿಲ್ಲ. ನಿಂತ ಚಕ್ರ ನೋಡಿ, ಒಡ್ಡು ದಾಟಿ ನೆಗೆಯುತ್ತಿದ್ದ ಮೀನು ನೋಡಿ, ಅವಳ ಪಕ್ಕ ನಿಂತರು.

"ನಾನು ಕೇಳಲೇಬೇಕಾದ ಮಾತು ಇದೆ, ಸಹೋದರಿ."

"ಕೇಳಿ ಸ್ವಾಮಿ."

"ಮನಸ್ಸು ತಿರುಗಿದೆಯಾ?"

ಚಳಿಗಾಲವೆಲ್ಲ ಟ್ರೈಫೀನಾ ತನ್ನನ್ನೇ ಕೇಳಿಕೊಂಡ ಪ್ರಶ್ನೆ ಅದು.

"ಆ ರೊಟ್ಟಿಗೆ ಎಷ್ಟು ಆಸೆಯಾಗುತ್ತೆ ಅಂತ ನಿಮಗೆ ಗೊತ್ತಿಲ್ಲ ಸ್ವಾಮಿ," ಅಂದಳು. "ಆದ್ರೆ ನಾಳೆ ಅದೇ ಕಲ್ಲು ಅದೇ ಕೆಸರಿಗೆ ಬಿದ್ರೆ, ಮತ್ತೆ ಎದ್ದು ಹೋಗ್ತೀನಿ ಅಂತಾನೇ ಅನ್ಸುತ್ತೆ. ಹಾಗೆ ಅನ್ಸೋ ತನಕ ಹೇಗೆ ಹೌದು ಅನ್ನಲಿ?"

"ಕೊಯ್ಲಿನ ಹೊತ್ತಿಗೆ ಮತ್ತೆ ಬರ್ತೀನಿ," ಅಂದರು ಬೋಧಕರು.

"ಬನ್ನಿ. ನಾನೂ ನನ್ನನ್ನ ಕೇಳ್ಕೋತಾ ಇರ್ತೀನಿ," ಅಂದಳು ಟ್ರೈಫೀನಾ. ಒಡ್ಡಿನ ಕಲ್ಲುಗಳ ಸಂದಿಗೆ ಸಿಕ್ಕಿ ಒದ್ದಾಡುತ್ತಿದ್ದ ಒಂದು ಮೀನು ಕಂಡು, ಲಂಗ ಎತ್ತಿ ಕಟ್ಟಿ ಹಿಮ ಕರಗಿದ ತಣ್ಣನೆಯ ನೀರಿಗೆ ಇಳಿದಳು.